ಕೇರು, ತೂರು, ತೊಳಸು, ಬೀಸು

ವಿಡಿಯೋ ಗೇಮ್ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ರಾತ್ರಿ ಎರಡು ಗಂಟೆ, ಲೈಟ್ ಆಫ್, ಹೊದಿಕೆಯೊಳಗೆ ಬೆಳಗುತ್ತಿರುವ ಮೊಬೈಲು, ನಡುನಡುವೆ 'ಮಚ್ಚಾ, ಹಿಂದೆ ನೋಡೋ' ಅನ್ನುವ ಚೀರಾಟ. ಇಡೀ ಮೈಯಲ್ಲಿ ಕೆಲಸ ಮಾಡುತ್ತಿರೋದು ಎರಡು ಹೆಬ್ಬೆರಳು ಮಾತ್ರ. ಈ ಬರಹ ಹೆಬ್ಬೆರಳಿನ ಆಟಗಳ ಬಗ್ಗೆ ಅಲ್ಲ. ಎದ್ದು ನಿಂತು, ಕೈ ಬೀಸಿ ಆಡುವ ಆಟಗಳ ಬಗ್ಗೆ.

ನಾವು ಅಂದ್ರೆ ನಾಲ್ಕು ಜನ. ಮೂವರು ಎಲೆಕ್ಟ್ರಾನಿಕ್ಸ್, ಒಬ್ಬ ಕಂಪ್ಯೂಟರ್ ಸೈನ್ಸ್. ನಾಲ್ವರೂ ಇಂಗ್ಲಿಷ್ ಮೀಡಿಯಂ ಸರಕು, ಕನ್ನಡವನ್ನು ಪರೀಕ್ಷೆಗೆ ಅಂತ ಓದಿದವರು. ನಾಲ್ಕನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ನಾವು ಆರಿಸಿಕೊಂಡ ವಿಷಯ: ಕೈಯ ಚಲನೆಯಿಂದ ನಡೆಯುವ ಕನ್ಸೋಲಿಗೆ ಹೊಸ ಕ್ಯಾಶುವಲ್ ಆಟಗಳು. ಕ್ಯಾಶುವಲ್ ಅಂದ್ರೆ ಹೇಳಿಕೊಡದೆ ಅರ್ಥ ಆಗಬೇಕು, ಎರಡು ನಿಮಿಷದಲ್ಲಿ ಒಂದು ಸುತ್ತು ಮುಗೀಬೇಕು, ಊಟಕ್ಕೆ ಕರೆದರೆ ಬೇಸರ ಇಲ್ಲದೆ ಬಿಟ್ಟು ಏಳೋಕೆ ಆಗಬೇಕು.

ಇಂಥ ಆಟವನ್ನು ಮನೆಮನೆಗೆ ತಂದದ್ದು ನಿಂಟೆಂಡೋದವರ ವೀ. ಅಮೆರಿಕದ ಅಂಗಡಿಗಳಿಗೆ ಅದು ಬಂದದ್ದು 2006ರ ನವೆಂಬರ್ 19ಕ್ಕೆ, ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಆಗ ಉಳಿದ ಕಂಪನಿಗಳೆಲ್ಲ ಯಾರ ಗ್ರಾಫಿಕ್ಸ್ ಚೆಂದ ಅಂತ ಪೈಪೋಟಿಗೆ ಬಿದ್ದಿದ್ದರೆ ನಿಂಟೆಂಡೋ ಅದರಲ್ಲಿ ಹಿಂದೆಯೇ ಉಳಿದು ರಿಮೋಟಿನೊಳಗೆ ಒಂದು ಆಕ್ಸೆಲರೋಮೀಟರ್ ಚಿಪ್ ಇಟ್ಟಿತು. ಅದರ ಜೊತೆ ವೀ ಸ್ಪೋರ್ಟ್ಸ್ ಅನ್ನುವ ಡಿಸ್ಕಿನಲ್ಲಿ ಐದು ಆಟ: ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಆ ಡಿಸ್ಕು 8 ಕೋಟಿಗೂ ಹೆಚ್ಚು ಮಾರಾಟವಾಯಿತು, ಕನ್ಸೋಲು 10 ಕೋಟಿ ದಾಟಿತು. ವೃದ್ಧಾಶ್ರಮಗಳಲ್ಲಿ ಅಜ್ಜಂದಿರು ಬೌಲಿಂಗ್ ಪಂದ್ಯ ಕಟ್ಟಿಕೊಂಡರು. ಕೆಲವರು ಎಷ್ಟು ಜೋರಾಗಿ ಬೀಸಿದರೆಂದರೆ ಮಣಿಕಟ್ಟಿನ ದಾರ ಕಿತ್ತು ರಿಮೋಟು ಟಿವಿಗೆ ಬಡಿಯಿತು. ಅದೇ ಡಿಸೆಂಬರಿನಲ್ಲಿ ಕಂಪನಿ ದಪ್ಪ ದಾರಗಳನ್ನು ಪುಕ್ಕಟೆ ಹಂಚಬೇಕಾಯಿತು. 2010ರಲ್ಲಿ ಕೈಯಲ್ಲಿ ಏನೂ ಹಿಡಿಯದೆ ಕ್ಯಾಮೆರಾ ಮುಂದೆ ಕುಣಿಯುವ ಕಿನೆಕ್ಟ್ ಬಂತು, 2017ರಲ್ಲಿ ಸ್ವಿಚ್ ಬಂತು.

ಇದನ್ನೆಲ್ಲ ಹರಡಿಕೊಂಡು ಕೂತಾಗ ನಮಗೆ ಹೊಳೆದದ್ದು ಇಷ್ಟು. ಬಟನ್ ಒತ್ತುವ ಆಟ ಕಥೆಯಿಂದ ಶುರುವಾಗಬಹುದು, ಮ್ಯಾಪಿನಿಂದ ಶುರುವಾಗಬಹುದು. ಕೈ ಬೀಸುವ ಆಟ ಮಾತ್ರ ಒಂದು ಕ್ರಿಯಾಪದದಿಂದ ಶುರುವಾಗಬೇಕು. ಹೊಡಿ, ಎಸೆ, ಗುದ್ದು, ಉರುಳಿಸು. ಆಡುವವನ ಮೈಗೆ ಆ ಕ್ರಿಯಾಪದ ಮೊದಲೇ ಗೊತ್ತಿದ್ದರೆ ಅರ್ಧ ಆಟ ಆಗಲೇ ಕಲಿತ ಹಾಗೆ. ವೀ ಸ್ಪೋರ್ಟ್ಸಿನ ಕ್ರಿಯಾಪದಗಳೆಲ್ಲ ಅಲ್ಲಿನ ಆಟದ ಮೈದಾನಗಳಿಂದ ಬಂದವು. ನಮ್ಮ ಪಟ್ಟಿ ಎಲ್ಲಿಂದ ಬರಬೇಕು? ಮೊದಲ ದಿನ ನಾವು ಬರೆದದ್ದು ಕ್ರಿಕೆಟ್, ಲಗೋರಿ, ಗಾಳಿಪಟ, ಚಿನ್ನಿದಾಂಡು. ಚಿನ್ನಿದಾಂಡು ಚೆನ್ನಾಗೇ ಇದೆ, ಆದರೆ ನಮ್ಮ ಹಿಂದಿನ ಬೆಂಚಿನವರೂ ಅದನ್ನೇ ಬರೆದಿದ್ದರು.

ನಮ್ಮಲ್ಲೊಬ್ಬನ ಅಜ್ಜಿ ಊರು ಸಾಸಲು, ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ. ಇನ್ನೊಬ್ಬನ ಮಾವ ಅಮೆರಿಕದಿಂದ ವಾಪಸ್ ಬಂದಾಗ ತಂದ ಹಳೇ ವೀ ಅವನ ಮನೆ ಅಟ್ಟದಲ್ಲಿತ್ತು. ಸಂಕ್ರಾಂತಿ ರಜೆಗೆ ಎರಡನ್ನೂ ಸೇರಿಸಿದೆವು. ದೊಡ್ಡಬಳ್ಳಾಪುರದಲ್ಲಿ ಬಸ್ ಬದಲಿಸುವಾಗ ಸೀರೆ ಮಗ್ಗಗಳ ಟಕಟಕ, ಮುಂದೆ ಹೋದ ಹಾಗೆ ರಸ್ತೆ ಮೇಲೆ ಹರಡಿದ ರಾಗಿ ತೆನೆ. ನಮ್ಮ ಬಸ್ಸೇ ಅದನ್ನು ಒಕ್ಕುತ್ತಾ ಹೋಯಿತು.

ಅಮೆರಿಕದ ವೀಗೆ 120 ವೋಲ್ಟ್ ಬೇಕು, ನಮ್ಮ ಪ್ಲಗ್ಗಿನಲ್ಲಿರೋದು 230. ಅದಕ್ಕೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೋಗಿದ್ದೆವು, ಕನ್ಸೋಲಿಗಿಂತ ಅದೇ ಭಾರ. ಅಜ್ಜಿ ಮನೆಯ ಡಬ್ಬದಂಥ ಹಳೇ ಟಿವಿಗೆ ಹಳದಿ, ಬಿಳಿ, ಕೆಂಪು ಪಿನ್ ಸಲೀಸಾಗಿ ಕೂತವು, ಹಾಸ್ಟೆಲಿನ ಹೊಸ ಟಿವಿಗೆ ಆ ತೂತುಗಳೇ ಇಲ್ಲ. ಆದರೆ ಟಿವಿ ಮುಂದೆ ಇಡುವ ಸೆನ್ಸರ್ ಬಾರಿನ ವೈರು ಬ್ಯಾಗಿನೊಳಗೆ ತುಂಡಾಗಿತ್ತು.

ಇಲ್ಲಿ ಒಂದು ಸಣ್ಣ ಗುಟ್ಟು. ಸೆನ್ಸರ್ ಬಾರ್ ಅಂತ ಹೆಸರಷ್ಟೇ, ಅದರಲ್ಲಿ ಸೆನ್ಸರ್ ಏನೂ ಇಲ್ಲ. ಎರಡು ತುದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿಗಳಿವೆ, ಅಷ್ಟೆ. ನೋಡುವ ಕ್ಯಾಮೆರಾ ಇರೋದು ರಿಮೋಟಿನ ಮೂತಿಯಲ್ಲಿ. ಇನ್‌ಫ್ರಾರೆಡ್ ಬಿಡುವ ಎರಡು ಚುಕ್ಕೆ ಕಂಡರೆ ಅದಕ್ಕೆ ಸಾಕು, ಮೇಣದಬತ್ತಿ ಆದರೂ ನಡೆಯುತ್ತೆ. ಅಜ್ಜಿಯನ್ನು ಕೇಳಿ ಎರಡು ಹಣತೆ ಇಸಕೊಂಡು ಗೇಣಳತೆ ದೂರದಲ್ಲಿಟ್ಟು ಹಚ್ಚಿದೆವು. ತೆರೆಯ ಮೇಲೆ ಕೈಯ ಗುರುತು ಮೂಡಿತು.

"ಟಿವಿಗೂ ದೀಪ ಹಚ್ಚೋ ಕಾಲ ಬಂತಾ ಮಗಾ" ಅಂದರು ಅಜ್ಜಿ.

ಅವರು ಬೌಲಿಂಗ್ ಆಡಿದ್ದು ಮೂರೇ ಸಲ. ಆಮೇಲೆ ರಿಮೋಟು ನಮ್ಮ ಕೈಗೆ ಕೊಟ್ಟು ಅವರೆಕಾಯಿ ಸುಲಿಯೋಕೆ ಕೂತರು. ಟೀಕೆ ಮಾತ್ರ ನಿಲ್ಲಿಸಲಿಲ್ಲ. ಸ್ವಿಚ್ ಜೊತೆಗೇ ಬಂದ '1-2-ಸ್ವಿಚ್' ಅನ್ನುವ ಆಟದಲ್ಲಿ ಹಸುವಿನ ಹಾಲು ಕರೆಯುವ ಸ್ಪರ್ಧೆ ಇದೆ. ಅದರ ವಿಡಿಯೋವನ್ನು ಮೊಬೈಲಿನಲ್ಲಿ ತೋರಿಸಿದೆವು. ಅಜ್ಜಿ ಒಂದು ನಿಮಿಷ ನೋಡಿ, "ಹಂಗ್ ಕರುದ್ರೆ ಹಸ ಒದೀತದೆ" ಅಂದರು. ಆದರೂ ಆ ಆಟದ ಒಂದು ಗುಣ ನಮಗೆ ಇಷ್ಟ. ಆಡುವಾಗ ಟಿವಿ ನೋಡಬಾರದು, ಎದುರಾಳಿಯ ಕಣ್ಣು ನೋಡಬೇಕು. ಹಾಸ್ಟೆಲಿನಲ್ಲಿ ಒಬ್ಬರ ಕಣ್ಣು ಒಬ್ಬರು ನೋಡುವ ಆಟ ಈಗ ಯಾವುದಿದೆ ಹೇಳಿ?

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಜ್ಜಿ ಮೊರ ಹಿಡಿದಾಗ ನಮ್ಮ ಕ್ರಿಯಾಪದಗಳ ಪಟ್ಟಿ ಬೆಳೆಯಿತು. ಇಂಗ್ಲಿಷಿನಲ್ಲಿ ನಮಗೆ ಗೊತ್ತಿದ್ದದ್ದು 'ವಿನ್ನೋ' ಅನ್ನುವ ಒಂದೇ ಪದ, ಅದೂ ಆರನೇ ಕ್ಲಾಸಿನ ಸೈನ್ಸ್ ಪುಸ್ತಕದಿಂದ. ಇಲ್ಲಿ ಮೂರು. ಮೊರವನ್ನು ಎತ್ತಿ ಎತ್ತಿ ಹೊಟ್ಟು ಹಾರಿಸಿದರೆ ಅದು ಕೇರೋದು. ಮೊರವನ್ನು ಅಕ್ಕಪಕ್ಕ ತೂಗಿ ಕಾಳಿನಿಂದ ಕಲ್ಲು ಬೇರೆ ಮಾಡಿದರೆ ಅದು ಒನೆಯೋದು. ಕಣದಲ್ಲಿ ನಿಂತು ಮೊರವನ್ನು ತಲೆಗಿಂತ ಮೇಲೆ ಎತ್ತಿ, ಗಾಳಿಗೆ ಕಾದು, ನಿಧಾನವಾಗಿ ಸುರಿದರೆ ಅದು ತೂರೋದು. ನಮ್ಮ ಇಸಿ ಗೆಳೆಯ ನೋಟ್‌ಬುಕ್ಕಿನಲ್ಲಿ ಇದನ್ನೇ ಬರೆದುಕೊಂಡ: ಕೇರು ಅಂದ್ರೆ ಪಿಚ್, ಒನೆ ಅಂದ್ರೆ ರೋಲ್, ತೂರು ಅಂದ್ರೆ ಸ್ಥಿರ. ಸೆನ್ಸರಿಗೆ ಮೂರೂ ಬೇರೆ ಬೇರೆ ಸಿಗ್ನಲ್. ಯಾವ ಜೆಸ್ಚರ್ ಲೈಬ್ರರಿಯೂ ಇಷ್ಟು ಚೊಕ್ಕವಾಗಿ ವಿಂಗಡಿಸಿರಲಿಕ್ಕಿಲ್ಲ, ಅಜ್ಜಿಯ ಭಾಷೆ ಮಾಡಿಟ್ಟಿದೆ.

ಇದರಿಂದ ಬಂದ ಮೊದಲ ಆಟ: ಮೊರದ ಎಡಕ್ಕೆ ನನ್‌ಚಕ್, ಬಲಕ್ಕೆ ರಿಮೋಟು ಕಟ್ಟಬೇಕು, ಎರಡರಲ್ಲೂ ಆಕ್ಸೆಲರೋಮೀಟರ್ ಇದೆ. ಕೇರಿದರೆ ಹೊಟ್ಟು ಹಾರುತ್ತೆ, ಜಾಸ್ತಿ ಎತ್ತಿದರೆ ರಾಗಿ ಚೆಲ್ಲುತ್ತೆ, ಚೆಲ್ಲಿದ ರಾಗಿಗೆ ಕೋಳಿ ಬರುತ್ತೆ. ಕೋಳಿ ಎರಡನೇ ಆಟಗಾರ. ಎರಡನೆಯ ಆಟ ತೂರೋದು. ಕೈ ಮೇಲೆತ್ತಿ ಅಲ್ಲಾಡದೆ ನಿಲ್ಲಬೇಕು, ಗಾಳಿ ಬಂದಾಗ ಮಾತ್ರ ಸುರಿಯಬೇಕು. ಕೈ ನಡುಗಿದರೆ ಕಾಳು ಬೀಳುತ್ತೆ. ಕದಲದೆ ಇರುವುದನ್ನೇ ಆಟ ಮಾಡಬಹುದು ಅಂತ ಇನ್ನೊಬ್ಬರೂ ತೋರಿಸಿದ್ದಾರೆ. 'ಯೋಹಾನ್ ಸೆಬಾಸ್ಟಿಯನ್ ಜೌಸ್ಟ್' ಅನ್ನುವ ಆಟಕ್ಕೆ ತೆರೆಯೇ ಬೇಡ. ಎಲ್ಲರ ಕೈಯಲ್ಲೂ ಒಂದು ಕಂಟ್ರೋಲರ್, ಹಿನ್ನೆಲೆಯಲ್ಲಿ ಬಾಖ್ ಸಂಗೀತ, ಯಾರ ಕಂಟ್ರೋಲರ್ ಕುಲುಕಿತೋ ಅವರು ಔಟ್.

ಮೂರನೆಯದಕ್ಕೆ ಅಡುಗೆಮನೆಗೆ ಹೋದೆವು. ಮುದ್ದೆಗೆ ಅಲ್ಲಿ ಹಿಟ್ಟು ಅಂತಲೇ ಹೆಸರು, ಹಿಟ್ಟು ತೊಳಸೋದು ಅನ್ನೋದು ಕ್ರಿಯಾಪದ. ಎಸ್‌ಪಿ ರೋಡಿನಲ್ಲಿ ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುವ ಎಂಪಿಯು-6050 ಬೋರ್ಡನ್ನು ನಾವೆಲ್ಲ ಲ್ಯಾಬಿನಲ್ಲಿ ನೋಡಿದ್ದೇವಲ್ಲ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಟ್ಟಿನ ಕೋಲಿನ ಮೇಲ್ತುದಿಗೆ ಟೇಪ್ ಹಾಕಿದೆವು. ಅಜ್ಜಿ ಕಾಲಲ್ಲಿ ಪಾತ್ರೆ ಒತ್ತಿಹಿಡಿದು ತೊಳಸಿದರು, ಆಮೇಲೆ ನಾವು ಒಬ್ಬೊಬ್ಬರೂ ತೊಳಸಿದೆವು. ಲ್ಯಾಪ್‌ಟಾಪಿನಲ್ಲಿ ಗ್ರಾಫ್ ನೋಡಿದರೆ ನಮ್ಮದು ಶುರುವಿನಲ್ಲಿ ಗುಡ್ಡ, ಕೊನೆಯಲ್ಲಿ ಬಯಲು. ಅಜ್ಜಿಯದು ಮೊದಲಿಂದ ಕೊನೆತನಕ ಒಂದೇ ಎತ್ತರದ ಅಲೆ. ಹಿಟ್ಟು ಗಟ್ಟಿಯಾದಂತೆ ಅವರ ತೋಳು ಹೆಚ್ಚು ಬಲ ಹಾಕುತ್ತಾ ಹೋಗಿದೆ, ವೇಗ ಮಾತ್ರ ಬದಲಾಗಿಲ್ಲ.

ಆದರೆ ಈ ಆಟ ಕನ್ಸೋಲಿನಲ್ಲಿ ನಿಲ್ಲೋದಿಲ್ಲ. ಎಫ್ ಈಕ್ವಲ್ ಟು ಎಂಎ ಅಂತ ಪಿಯುಸಿಯಿಂದ ಉರು ಹೊಡೆದಿದ್ದೇವೆ. ಆಕ್ಸೆಲರೋಮೀಟರಿಗೆ ಗೊತ್ತಿರೋದು ಅದರಲ್ಲಿ 'ಎ' ಒಂದೇ. 'ಎಂ' ಎಷ್ಟು, ಎದುರಿಗೆ ಎಷ್ಟು ಬಲ ಒತ್ತುತ್ತಿದೆ, ಅದಕ್ಕೆ ಸುಳಿವೇ ಇಲ್ಲ. ರಿಮೋಟು ನಡುಗಬಲ್ಲದು, ಎದುರು ನಿಲ್ಲಲಾರದು. ಗಾಳಿಯಲ್ಲಿ ಹಿಟ್ಟು ತೊಳಸಿದರೆ ಅದು ಕಾಫಿಗೆ ಸಕ್ಕರೆ ಕಲಕಿದ ಹಾಗೆ. ಟೆನಿಸ್ ಗೆದ್ದದ್ದು ಇದಕ್ಕೇ ಇರಬೇಕು: ಅಲ್ಲಿ ಚೆಂಡು ತಾಗುವ ಕ್ಷಣ ಅಷ್ಟು ಚಿಕ್ಕದು, ಭಾರ ಇಲ್ಲದ್ದು ಗೊತ್ತಾಗುವ ಮೊದಲೇ ಮುಗಿದಿರುತ್ತೆ.

ನಾಲ್ಕನೆಯ ಐಡಿಯಾ ಹೇಳಿದ್ದಕ್ಕೇ ಜಗಳವಾಯಿತು.

ಬೀಸು ಅನ್ನುವ ಪದ ನೋಡಿ. ಬ್ಯಾಟು ಬೀಸು, ಬಲೆ ಬೀಸು, ಬೀಸಣಿಗೆ ಬೀಸು, ಗಾಳಿ ಬೀಸು, ರಾಗಿ ಬೀಸು. ಮೋಷನ್ ಕಂಟ್ರೋಲಿಗೆ ಕನ್ನಡದಲ್ಲಿ ಒಂದೇ ಪದ ಕೊಡು ಅಂದರೆ ನಾವು ಇದನ್ನೇ ಕೊಡುತ್ತೇವೆ. ನಮ್ಮ ಸಿಎಸ್ ಗೆಳೆಯ ಹಿತ್ತಿಲಲ್ಲಿ ಒರಗಿಸಿಟ್ಟಿದ್ದ ಬೀಸುವ ಕಲ್ಲು ನೋಡಿ ಕುಣಿದ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರಂತೆ, ಜೊತೆಗೆ ಹಾಡು, ಬೀಸುವ ಪದ ಅಂತ ಜನಪದದಲ್ಲಿ ಒಂದು ಪ್ರಕಾರವೇ ಇದೆ. ಎರಡು ರಿಮೋಟು, ಒಂದು ತಾಳ, ತಾಳ ತಪ್ಪಿದರೆ ಹಿಟ್ಟು ದಪ್ಪ. ರೆಡಿಮೇಡ್ ರಿದಮ್ ಗೇಮ್! ಅಜ್ಜಿಗೂ ಉತ್ಸಾಹದಿಂದ ವಿವರಿಸಿದ.

ಅಜ್ಜಿ ಅವರೆಕಾಳು ಹಿಸುಕೋದು ನಿಲ್ಲಿಸಿದರು. "ಕೋಳಿ ಕೂಗೋಕ್ ಮುಂಚೆ ಎದ್ದು ಬೀಸ್ತಿದ್ವಿ ಕನಪ್ಪಾ. ಹೊಟ್ಟೇಲಿ ಮಗ ಇದ್ರೂ ಬೀಸ್ತಿದ್ವಿ. ಊರಿಗೆ ಮಿಲ್ಲು ಬಂದ ದಿನ ನಿಮ್ಮಜ್ಜಂಗೆ ಹೇಳ್ದೆ, ಇನ್ ನಾನ್ ಸಾಯಾಕಿಲ್ಲ ಅಂತ. ಈಗ ನೀವು ಓದಿದೋರು ಅದ್ನೇ ಆಟ ಮಾಡ್ತೀರಾ?"

ಯಾರೂ ಮಾತಾಡಲಿಲ್ಲ. ಅಂದು ರಾತ್ರಿ ಜಗುಲಿ ಮೇಲೆ ನಮ್ಮಲ್ಲೇ ಎರಡು ಪಕ್ಷ. ಸಿಎಸ್ ಗೆಳೆಯನ ವಾದ: ಸೆನ್ಸರಿಗೆ ಭಾರ ಗೊತ್ತಿಲ್ಲ ಅನ್ನೋದೇ ಇಲ್ಲಿ ಲಾಭ, ಕಷ್ಟವನ್ನು ಕಳೆದು ಹಾಡನ್ನು ಉಳಿಸಿಕೊಳ್ಳೋದು ಅವಮಾನ ಹೇಗಾಗುತ್ತೆ, ಆಟ ಇಲ್ಲದಿದ್ದರೆ ಆ ಹಾಡು ನಮ್ಮ ಕಿವಿಗೆ ಬೀಳೋದೇ ಇಲ್ಲ. ಅಜ್ಜಿಯ ಮೊಮ್ಮಗನ ವಾದ: ಭಾರ ಕಳೆದರೆ ಉಳಿಯೋದು ಬೀಸೋದೇ ಅಲ್ಲ, ಬೀಸಿದವರ ಕಾರ್ಟೂನು. ಹಾಡು ಬಂದದ್ದೇ ಭಾರದಿಂದ. ಎರಡೂ ಮಾತಿನಲ್ಲಿ ಹುರುಳಿದೆ. ಆದರೂ ನಮ್ಮ ಪಾಲಿಗೆ ತೂಕ ಹೆಚ್ಚು ಎರಡನೆಯದಕ್ಕೇ, ಯಾಕೆಂದರೆ ಹಾಲು ಕರೆಯುವ ಆಟ ನೋಡಿ ನಕ್ಕ ಅದೇ ಅಜ್ಜಿ ಇದಕ್ಕೆ ನಗಲಿಲ್ಲ. ದಿನಾ ಹಾಲು ಕರೆಯೋದನ್ನು ಅವರು ಈಗಲೂ ಬಿಟ್ಟಿಲ್ಲ. ಬೀಸೋದನ್ನು ಬಿಟ್ಟ ದಿನ ಅವರಿಗೆ ನೆನಪಿದೆ.

ಬೆಳಿಗ್ಗೆ ನಮ್ಮಲ್ಲೊಬ್ಬಳು ಪ್ರಶ್ನೆಯನ್ನೇ ತಿರುಗಿಸಿ ಕೇಳಿದಳು. "ಅಜ್ಜಿ, ಮೈಗೆ ಇಷ್ಟ ಆಗಿದ್ದ ಕೆಲಸ ಯಾವುದು ಹೇಳಿ. ಇವತ್ತು ಬಿಟ್ಟರೂ ಮಾಡ್ತೀನಿ ಅನ್ನೋ ಅಂಥದ್ದು."

ಅಜ್ಜಿ ಯೋಚಿಸಲೇ ಇಲ್ಲ. "ಕವಣೆ ಬೀಸೋದು ಕನವ್ವ."

ಮತ್ತೆ ಬೀಸು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಜೋಳ ತೆನೆ ಕಟ್ಟುವಾಗ ಗಿಳಿ, ಗುಬ್ಬಿ ಹಿಂಡುಹಿಂಡಾಗಿ ಬರುತ್ತಿದ್ದವು. ಹೊಲದ ನಡುವೆ ಅಟ್ಟಣೆ ಕಟ್ಟಿ ಮಕ್ಕಳನ್ನು ಹತ್ತಿಸುತ್ತಿದ್ದರು. ಅಜ್ಜಿಗೆ ಆಗ ಎಂಟೋ ಒಂಬತ್ತೋ. ನಾರಿನ ಕವಣೆ, ಮಡಿಲ ತುಂಬ ಕಲ್ಲು, ಬೆಳಗಿಂದ ಸಂಜೆತನಕ ಕೂಗು. ಹೇಳುತ್ತಾ ಹೇಳುತ್ತಾ ಎದ್ದು ನಿಂತು ಸೆರಗಿನ ತುದಿಯನ್ನೇ ಹಿಡಿದು ತಲೆ ಮೇಲೆ ಮೂರು ಸುತ್ತು ತಿರುಗಿಸಿ ಬಿಟ್ಟರು. ಬೌಲಿಂಗಿನಲ್ಲಿ ಮೂರು ಸಲಕ್ಕೇ ಸಾಕು ಅಂದ ತೋಳು ಅದು. "ಅಣ್ಣ ಇಸ್ಕೂಲಿಗೆ ಹೋದ, ನಾನು ಹಕ್ಕಿ ಓಡ್ಸಾಕೆ ಹೋದೆ" ಅಂತಲೂ ಸೇರಿಸಿದರು, ಅದೇ ಖುಷಿಯ ದನಿಯಲ್ಲಿ. ಹಿಂದಿನ ದಿನ ಟಿವಿ ಮೇಲೆ ಏನು ಬರೆದಿದೆ ಅಂತ ಅವರು ನಮ್ಮನ್ನು ನಾಲ್ಕು ಸಲ ಕೇಳಿದ್ದರು.

ಎಷ್ಟು ಹಕ್ಕಿ ಹೊಡೆದ್ರಿ ಅಜ್ಜಿ ಅಂತ ಕೇಳಿದ್ದಕ್ಕೆ ಬೈಸಿಕೊಂಡೆವು. "ಥೂ, ಹಕ್ಕಿಗ್ ತಗುಲಿಸ್ಬಾರ್ದು. ಪಕ್ಕದಾಗ್ ಬೀಳ್ಬೇಕು. ಸದ್ದಿಗೆ ಎದ್ದು ಹೋಗ್ಬೇಕು. ಅದೂ ಹೊಟ್ಟೆಗ್ ಬಂದಿರ್ತದೆ."

ಗೆಳೆಯರೇ, ಈ ಒಂದು ನಿಯಮಕ್ಕೆ ನಾವು ಎಷ್ಟು ಗೇಮ್ ಡಿಸೈನ್ ವಿಡಿಯೋ ನೋಡಿದ್ದರೂ ಕಮ್ಮಿಯೇ. ಗುರಿಯ ಆಟಗಳಲ್ಲೆಲ್ಲ ತಗುಲಿದರೆ ಪಾಯಿಂಟು. ಇಲ್ಲಿ ತಗುಲಿದರೆ ಔಟ್. ಹಕ್ಕಿಗೆ ಎಷ್ಟು ಹತ್ತಿರ ಬಿತ್ತೋ ಅಷ್ಟು ಪಾಯಿಂಟು, ಮುಟ್ಟಿದರೆ ಸೊನ್ನೆ. ತೆನೆಗೆ ಬಡಿದರೂ ನಷ್ಟ.

ಯಂತ್ರಕ್ಕೂ ಇದು ಹೊಂದುತ್ತೆ. ಕವಣೆಯ ಒಂದು ಎಳೆ ಬೆರಳಿಗೆ ಸಿಕ್ಕಿಸಿರುತ್ತೆ, ಇನ್ನೊಂದನ್ನು ಬಿಟ್ಟಾಗ ಕಲ್ಲು ಹಾರುತ್ತೆ. ರಿಮೋಟಿನಲ್ಲಿ ಕೆಳಗಿನ ಬಿ ಬಟನ್ ಹಿಡಿದು ತಿರುಗಿಸಿ ಬಿಡೋದು, ವೀ ಬೌಲಿಂಗಿನಲ್ಲೂ ಚೆಂಡು ಬಿಡೋದು ಹೀಗೇ. ಭಾರದ ಸಮಸ್ಯೆಯೂ ಅರ್ಧ ಕಳೆಯುತ್ತೆ, ತಿರುಗುವಾಗ ಕೈಯನ್ನು ಹೊರಕ್ಕೆ ಸೆಳೆದಂತೆ ಅನ್ನಿಸುತ್ತಲ್ಲ, ರಿಮೋಟಿನ ತೂಕಕ್ಕೇ ಅದು ಅಷ್ಟಿಷ್ಟು ಸಿಗುತ್ತೆ. ಲೆಕ್ಕ ಹಾಕಿದೆವು: ಸೆಕೆಂಡಿಗೆ ಎರಡು ಸುತ್ತು, ಮುಷ್ಟಿ ಸುತ್ತುವ ವೃತ್ತದ ತ್ರಿಜ್ಯ 15 ಸೆಂಟಿಮೀಟರ್ ಅಂದರೆ ಒಮೆಗಾ ಸ್ಕ್ವೇರ್ ಆರ್ ಸುಮಾರು 24, ಅಂದರೆ 2.4 ಜಿ. ವೀ ರಿಮೋಟಿನ ಚಿಪ್ಪು ಅಳೆಯೋದು 3 ಜಿ ತನಕ. ಗುರುತ್ವ ಬೇರೆ ಸೇರಿಕೊಳ್ಳುವುದರಿಂದ ಅಂಚಿಗೇ ಬಂದು ನಿಲ್ಲುತ್ತೆ. ತೋಳು ಪೂರ್ತಿ ಚಾಚಿ 60 ಸೆಂಟಿಮೀಟರ್ ವೃತ್ತದಲ್ಲಿ ತಿರುಗಿಸಿದರೆ 9 ಜಿ ದಾಟುತ್ತೆ, ಗ್ರಾಫ್ ಮೇಲೆ ತಲೆ ಬೋಳಿಸಿದ ಹಾಗೆ ಕತ್ತರಿಸಿಹೋಗುತ್ತೆ. ಎಂಪಿಯು-6050ರಲ್ಲಿ 16 ಜಿ ತನಕ ಹೋಗಬಹುದು, ಜೊತೆಗೆ ಗೈರೋಸ್ಕೋಪೂ ಇದೆ, ಸೆಕೆಂಡಿಗೆ 720 ಡಿಗ್ರಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ನಮ್ಮದೇ ಕಂಟ್ರೋಲರ್ ಮಾಡುತ್ತಿದ್ದೇವೆ, ದಪ್ಪ ದಾರದ ಸಮೇತ.

ಸದ್ಯ ಲ್ಯಾಪ್‌ಟಾಪಿನಲ್ಲಿ ಒಂದು ಹೊಲ, ಒಂದು ಅಟ್ಟಣೆ, ಏಳು ಗಿಳಿ ಇವೆ. ಗಿಳಿಗಳು ಇನ್ನೂ ಕಾಗೆಯ ಹಾಗೆ ಹಾರುತ್ತವೆ. ಯಾವ ಕ್ಷಣದಲ್ಲಿ ಬಿಟ್ಟರೆ ಕಲ್ಲು ಯಾವ ಕಡೆಗೆ ಅನ್ನೋದರಲ್ಲಿ ಗೈರೋ ಡ್ರಿಫ್ಟ್ ಕಾಡುತ್ತಿದೆ, ಹತ್ತು ಕಲ್ಲಾದ ಮೇಲೆ ಉತ್ತರ ದಿಕ್ಕು ಈಶಾನ್ಯವಾಗಿರುತ್ತೆ. ಪ್ರತಿ ಎಸೆತದ ಮೊದಲು ಒಂದು ಕ್ಷಣ ಕೈ ಇಳಿಸಿ ನಿಲ್ಲಿಸಿ ಸೊನ್ನೆ ಮಾಡಿಕೊಳ್ಳುವ ಉಪಾಯ ಹೂಡಿದ್ದೇವೆ. ಕಲ್ಲು ಎತ್ತಿಕೊಳ್ಳೋಕೆ ಮಡಿಲಿಗೆ ಕೈ ಹಾಕುವ ಹೊತ್ತು ಅದು, ಆಟಕ್ಕೂ ಸಹಜವಾಗಿದೆ. ತೆರೆಯ ಮೇಲೆ ಅಕ್ಷರ ಒಂದೂ ಇಲ್ಲ, ಎಲ್ಲ ಚಿತ್ರ. ಗಿಳಿಗಳು ಏಳಬೇಕಾದರೆ ಕಲ್ಲಿನ ಜೊತೆ ಕೂಗೂ ಬೇಕು ಅಂತ ಅಜ್ಜಿ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅವರ ಕೂಗನ್ನೇ ರೆಕಾರ್ಡ್ ಮಾಡಿಕೊಂಡು ಬಂದಿದ್ದೇವೆ, ಹಿನ್ನೆಲೆಯಲ್ಲಿ ಒಂದು ಟ್ರ್ಯಾಕ್ಟರಿನ ಸದ್ದೂ ಇದೆ, ತೆಗೆಯೋ ಮನಸ್ಸಾಗಿಲ್ಲ. ಬೀಸುವ ಕಲ್ಲಿನ ಆಟ ಸಿಎಸ್ ಗೆಳೆಯನ ಫೋಲ್ಡರಿನಲ್ಲಿ ಹಾಗೇ ಇದೆ. ಡಿಲೀಟ್ ಮಾಡು ಅಂತ ನಾವೂ ಹೇಳಿಲ್ಲ.

ನಿಮ್ಮ ಮನೆಯಲ್ಲೂ ಯಾರನ್ನಾದರೂ ಕೇಳಿ ಬನ್ನಿ, ಕೈಗೆ ಇಷ್ಟವಾಗಿದ್ದ ಕೆಲಸ ಯಾವುದು, ಅದಕ್ಕೆ ಏನು ಹೆಸರು ಅಂತ. ಕ್ರಿಯಾಪದ ಒಂದಿದ್ದರೆ ಸಾಕು, ಕೋಡ್ ಆಮೇಲೆ. ಬುಧವಾರ ಮತ್ತು ಶುಕ್ರವಾರ ನಾಲ್ಕರ ನಂತರ ಲ್ಯಾಬಿನ ಕೊನೆ ಬೆಂಚಿನಲ್ಲಿ ಸಿಗುತ್ತೇವೆ. ಎತ್ತರದ ಸೀಲಿಂಗ್ ಫ್ಯಾನಿರುವ ರೂಮು ಯಾರ ಬಳಿಯಾದರೂ ಇದ್ದರೆ ಅದೂ ಬೇಕು, ನಮ್ಮ ಫ್ಯಾನಿಗೆ ಈಗಾಗಲೇ ಎರಡು ಸಲ ತಗುಲಿದೆ.